ಕಾರಿಗೆ ಹೊಸ ರೇಡಿಯೋ

ಮೋಟಾರು ಕಾರಿನ ಡ್ಯಾಷ್‌ಬೋರ್ಡಿನ ನಡುವೆ ಗೇಣಿಗೂ ಕಡಮೆ ಅಗಲದ ಒಂದು ತೂತು ಇರುತ್ತದೆ. ನಾನು ಈ ಹೊತ್ತು ಮಾತನಾಡಬೇಕೆಂದಿರುವುದು ಆ ತೂತಿನ ವಿಷಯ. ಅದಕ್ಕಿಂತ ಹೆಚ್ಚಾಗಿ ಅದರ ಹಿಂದಿನ ಕತ್ತಲೆಯ ವಿಷಯ. ತೂತಿನ ಅಗಲ 182 ಮಿಲಿಮೀಟರು, ಎತ್ತರ 53. ಜರ್ಮನಿಯವರು ಗೊತ್ತುಮಾಡಿದ ಈ ಅಳತೆಯನ್ನು ಕ್ರಮೇಣ ಬೇರೆ ದೇಶಗಳವರೂ ಒಪ್ಪಿಕೊಂಡದ್ದರಿಂದ, ಯಾವ ಊರಿನಲ್ಲಿ ಕೊಂಡ ಸೆಟ್ಟಾದರೂ ಬಹಳ ಕಾರುಗಳ ತೂತಿಗೆ ಹೆಚ್ಚು ತಕರಾರಿಲ್ಲದೆ ಕೂಡುತ್ತದೆ. ಈ ಅನುಕೂಲವೇ ನಮ್ಮನ್ನು ಮೋಸಗೊಳಿಸುವುದು. ಮುಖ ಸರಿಯಾಗಿ ಕೂತಿತೆಂದರೆ ಕೆಲಸ ಮುಗಿಯಿತೆಂದು ಭಾವಿಸುತ್ತೇವೆ. ನಾನೂ ಹಾಗೆ ಭಾವಿಸಿದವನೇ. ಆ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಮನೆ ರಾಮಮೂರ್ತಿ ನಗರದಲ್ಲಿ. 2016ರಲ್ಲಿ ನನ್ನ ಮಾವನವರು ನಮ್ಮ ಜೊತೆಯಲ್ಲಿದ್ದರು. ಹೊಸಕೋಟೆಯ ಕಡೆ ಮೇಷ್ಟರಾಗಿದ್ದು ನಿವೃತ್ತರಾದವರು. ಮೂತ್ರಪಿಂಡದ ಕಾಯಿಲೆ, ವಾರಕ್ಕೆ ಮೂರು ದಿನ ಹಲಸೂರಿನ ಕಡೆಯ ಒಂದು ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕು. ಬೆಳಗ್ಗೆ ಆರು ಗಂಟೆಗೆಲ್ಲ ಹೊರಟರೆ ಟಿನ್ ಫ್ಯಾಕ್ಟರಿಯ ನೂಕುನುಗ್ಗಲಿಗೆ ಮುಂಚೆ ಹಳೇ ಮದರಾಸು ರಸ್ತೆ ಹಿಡಿಯಬಹುದು. ಹೋಗುವಾಗ ಅವರು ಒಂದು ಮಾತೂ ಆಡುತ್ತಿರಲಿಲ್ಲ. ನಾಲ್ಕು ಗಂಟೆಯ ಹೊತ್ತು ಸೂಜಿ ಚುಚ್ಚಿಸಿಕೊಂಡು ಮಲಗಬೇಕಾದ ಮನುಷ್ಯ ಏನು ಮಾತಾಡಿಯಾನು? ಆ ಹೊತ್ತಿನಲ್ಲಿ ಅವರಿಗೆ ಜೊತೆಯಾಗಿದ್ದದ್ದು ಕಾರಿನ ರೇಡಿಯೋ. ಮೀಡಿಯಂ ವೇವ್, 612 ಕಿಲೋಹರ್ಟ್ಸ್, ಬೆಂಗಳೂರು ಆಕಾಶವಾಣಿ. ಚಿಂತನವೋ, ವಾರ್ತೆಯೋ, ರೈತರಿಗೆ ಸಲಹೆಯೋ, ಏನು ಬಂದರೂ ಕಣ್ಣು ಮುಚ್ಚಿ ಕೇಳುವರು.

ಆ ರೇಡಿಯೋ ಕ್ಯಾಸೆಟ್ಟಿನ ಕಾಲದ್ದು. ಕ್ಯಾಸೆಟ್ಟು ತಿರುಗುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಆ ವರ್ಷದ ಮಳೆಗಾಲದಲ್ಲಿ ರೇಡಿಯೋ ಕೂಡ ನಿಂತಿತು. ಅದೇ ಸಮಯಕ್ಕೆ ನನ್ನ ಭಾವಮೈದುನನ ಮಗ ಅಮೆರಿಕದಿಂದ ಬಂದ. ತಾತನಿಗೆಂದು ಒಂದು ಹೊಸ ಸ್ಟೀರಿಯೋ ತಂದಿದ್ದ. ಪೆನ್‌ಡ್ರೈವು, ಬ್ಲೂಟೂತು, ನೀಲಿ ದೀಪ, ಎಲ್ಲವೂ ಇತ್ತು. ಪೆಟ್ಟಿಗೆಯ ಮೇಲೆ ‘50 ವಾಟ್ ಗುಣಿಲೆ 4’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅದನ್ನೆತ್ತಿಕೊಂಡು ರಸ್ತೆಬದಿಯ ಒಂದು ಅಂಗಡಿಗೆ ಹೋದೆ. “ಅರ್ಧ ಗಂಟೆ ಸಾರ್, ಕಾಫಿ ಕುಡಿದು ಬನ್ನಿ” ಎಂದ ಹುಡುಗ. ಕಾಫಿ ಕುಡಿದು ಬರುವುದರಲ್ಲಿ ಹಾಡು ಬರುತ್ತಿತ್ತು. ಸಂತೋಷದಿಂದ ದುಡ್ಡು ಕೊಟ್ಟೆ.

ಮಾರನೆಯ ದಿನ ಬೆಳಗ್ಗೆ ಮಾವನವರು ಕೂತರು. ನಾನು ಅದರ ಗುಣಗಳನ್ನೆಲ್ಲ ವರ್ಣಿಸಿದೆ. ಎಫ್.ಎಂ. ನಿಲಯಗಳು ಒಂದಾದ ಮೇಲೊಂದು ಸ್ವಚ್ಛವಾಗಿ ಬಂದವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಳಿಯಂದಿರೇ, ನಮ್ಮ ಸ್ಟೇಷನ್ ಎಲ್ಲಿ?” ಎಂದರು. ಮೀಡಿಯಂ ವೇವಿಗೆ ತಿರುಗಿಸಿದೆ. ಅಂಕಿಗಳು ಓಡಿದವು; 600, 610, 620. 612 ಎಂಬ ಅಂಕಿಯೇ ಆ ಸೆಟ್ಟಿಗೆ ಗೊತ್ತಿರಲಿಲ್ಲ. 610ರಲ್ಲಿ ನಿಲ್ಲಿಸಿದರೆ ಗಂಟಲು ಕಟ್ಟಿದವರು ಗೋಡೆಯ ಆಚೆ ಮಾತಾಡಿದಂತೆ ಏನೋ ಕೇಳಿಸಿತು. ಹುಡುಕುವ ಗುಂಡಿಯನ್ನು ಒತ್ತಿದರೆ ನಿಲ್ಲದೆ ದಾಟಿ ಹೋಯಿತು. “ಇರಲಿ ಬಿಡಿ, ಹೊಸದಕ್ಕೆ ಹಳೆಯದು ಯಾಕೆ ಬೇಕು” ಎಂದು ಅವರು ಕಿಟಕಿಯ ಕಡೆ ತಿರುಗಿದರು. ಆ ಮಾತು ನನ್ನನ್ನು ಸ್ವಲ್ಪ ಚುಚ್ಚಿತು. ಆದರೆ ಸೆಟ್ಟೇ ಹಾಗಿರಬೇಕೆಂದು ಸುಮ್ಮನಾದೆ.

ಅದಾದ ಮೂರೋ ನಾಲ್ಕೋ ದಿನಕ್ಕೆ, ಒಂದು ಸೋಮವಾರ ಬೆಳಗ್ಗೆ ಆರಕ್ಕೆ ಕೀಲಿ ತಿರುಗಿಸಿದರೆ ‘ಟಕ್’ ಎಂದು ಒಂದು ಸದ್ದು, ಅಷ್ಟೆ. ಬ್ಯಾಟರಿ ಪೂರ್ತಿ ಇಳಿದುಹೋಗಿತ್ತು. ಶನಿವಾರ ನಿಲ್ಲಿಸಿದ ಕಾರು, ಭಾನುವಾರ ಮುಟ್ಟಿರಲಿಲ್ಲ. ಆಟೋ ಹುಡುಕಿ ಆಸ್ಪತ್ರೆ ಮುಟ್ಟುವುದರಲ್ಲಿ ಅವರ ಸರದಿ ತಪ್ಪಿ, ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕಾಯಬೇಕಾಯಿತು. ಅಷ್ಟು ಹೊತ್ತಿಗೆ ಅವರ ಕಾಲು ಊದಿತ್ತು. ಒಂದು ಹಾಡಿನ ಪೆಟ್ಟಿಗೆಯಿಂದ ಇಷ್ಟೆಲ್ಲ ಆಗಬಹುದೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ.

ನಮ್ಮ ಬೀದಿಯಲ್ಲಿ ದೂರವಾಣಿ ನಗರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. 1948ರಲ್ಲಿ ಆರಂಭವಾದ ಆ ಟೆಲಿಫೋನು ಕಾರ್ಖಾನೆ ನಮ್ಮ ಈ ಕಡೆಯ ಬಡಾವಣೆಗಳಿಗೆ ಅನ್ನ ಕೊಟ್ಟಿತೆಂಬುದಷ್ಟೇ ಅಲ್ಲ, ಒಂದು ವಿದ್ಯೆಯನ್ನೂ ಕೊಟ್ಟಿತು. ನೂರಾರು ತಂತಿಗಳ ಕಟ್ಟನ್ನು ಬಿಚ್ಚಿ, ಒಂದೊಂದನ್ನೂ ಬಣ್ಣದಿಂದ ಗುರುತಿಸಿ, ತಪ್ಪಿಲ್ಲದೆ ಅದರದರ ಜಾಗಕ್ಕೆ ಬೆಸೆಯುವ ವಿದ್ಯೆ. ನೀಲಿ, ಕಿತ್ತಳೆ, ಹಸಿರು, ಕಂದು, ಬೂದು ಎಂದು ಅವರು ಇಂದಿಗೂ ಮಗ್ಗಿಯಂತೆ ಹೇಳುತ್ತಾರೆ. ಅವರು ಭಾನುವಾರ ಬಂದು, ಮೊದಲು ಬಾನೆಟ್ ಎತ್ತಿಸಿ, ಹತ್ತರ ಸ್ಪ್ಯಾನರಿನಿಂದ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿದರು. ನಂತರ ಸೆಟ್ಟಿನ ಎರಡು ಪಕ್ಕಕ್ಕೂ ತಗಡಿನ ಕೀಲಿಗಳನ್ನು ತೂರಿಸಿ ಹೊರಕ್ಕೆಳೆದರು. ಹಿಂದೆ ನೋಡಿದರೆ ಹಕ್ಕಿಯ ಗೂಡು! ಕಂಪೆನಿಯವರು ಕೊಟ್ಟಿದ್ದ ಕಪ್ಲರನ್ನು ಬುಡದಲ್ಲಿ ಕತ್ತರಿಸಿ, ತಂತಿಗಳನ್ನು ಕೈಯಿಂದ ಹೊಸೆದು, ಕಪ್ಪು ಟೇಪು ಸುತ್ತಿದ್ದರು. ಬಿಸಿಲಿಗೆ ನಿಂತ ಕಾರಿನೊಳಗೆ ಟೇಪಿನ ಅಂಟು ಕರಗುತ್ತದೆ. ವಾರ ಕಳೆಯುವುದರೊಳಗೆ ಎರಡು ಗಂಟು ಬಿಚ್ಚಿಕೊಂಡಿದ್ದವು.

“ಕತ್ತರಿಸಿದ್ದು ಯಾಕೆ ಗೊತ್ತೇನ್ರೀ?” ಎಂದರು ಅವರು. “ಕಪ್ಲರಿಗೆ ಕೂಡುವ ಜೋಡಿ ತರಬೇಕು, ಅದಕ್ಕೆ ನಾಲ್ಕು ಕಾಸು ಬೇಕು. ಕತ್ತರಿಗೆ ಕಾಸು ಬೇಡ.”

ಇದು ಈ ಭಾಷಣದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು. ಕಾರಿನ ಮೂಲ ತಂತಿಯನ್ನು ಕತ್ತರಿಸಬೇಕಾಗಿಯೇ ಇಲ್ಲ. ಬಹಳ ಮಾದರಿಯ ಕಾರುಗಳಿಗೆ ಒಂದು ಪಕ್ಕ ಕಾರಿನ ಕಪ್ಲರಿಗೂ ಇನ್ನೊಂದು ಪಕ್ಕ ಹೊಸ ಸೆಟ್ಟಿಗೂ ಕೂಡುವ ನಡುವಣ ತುಂಡು ಸಿಕ್ಕುತ್ತದೆ; ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕಾರಿನ ಹೆಸರು, ವರ್ಷ ಹೇಳಿದರೆ ತೆಗೆದುಕೊಡುತ್ತಾರೆ. ಅದನ್ನು ಹಾಕಿದರೆ ನಾಳೆ ಹಳೆಯ ಸೆಟ್ಟನ್ನೇ ಮತ್ತೆ ಕೂರಿಸಬಹುದು, ಕಾರು ಮಾರುವಾಗ ಕೊಳ್ಳುವವನು ಮೂಗು ಮುರಿಯುವುದಿಲ್ಲ, ಹೊಸ ಕಾರಾದರೆ ಗ್ಯಾರಂಟಿಯ ತಕರಾರು ಬರುವ ಸಂಭವ ಕಡಮೆ.

ಇನ್ನು ಬ್ಯಾಟರಿ ಇಳಿದದ್ದೇಕೆ? ಸೆಟ್ಟಿನ ಹಿಂದಿನ ತಂತಿಗಳಲ್ಲಿ ಮೂರು ಮುಖ್ಯ. ಹಳದಿ, ಕೆಂಪು, ಕಪ್ಪು. ಕಪ್ಪು ಅರ್ತ್, ಕಾರಿನ ಮೈಗೆ ಸೇರಬೇಕಾದದ್ದು. ಹಳದಿ ಬ್ಯಾಟರಿಯಿಂದ ಹಗಲೂ ರಾತ್ರಿಯೂ ಬರುವ ವಿದ್ಯುತ್ತು. ಗಡಿಯಾರ, ನೀವು ಗುರುತು ಹಾಕಿದ ನಿಲಯಗಳು, ಇವುಗಳ ಜ್ಞಾಪಕ ಉಳಿಯುವುದು ಇದರಿಂದ. ಕೆಂಪು ತಂತಿ ಕೀಲಿಯನ್ನು ಒಂದು ಹೆಜ್ಜೆ ತಿರುಗಿಸಿದಾಗ ಮಾತ್ರ ಜೀವ ಪಡೆಯಬೇಕು. ‘ಎದ್ದೇಳು’ ಎಂದು ಸೆಟ್ಟಿಗೆ ಹೇಳುವುದು ಇದೇ. ಎರಡನ್ನೂ ಅದಲುಬದಲು ಮಾಡಿದರೆ ಕಾರು ನಿಲ್ಲಿಸಿದಾಗಲೆಲ್ಲ ಸೆಟ್ಟು ಎಲ್ಲವನ್ನೂ ಮರೆಯುತ್ತದೆ. ಎರಡನ್ನೂ ಒಟ್ಟಿಗೆ ಹೊಸೆದು ಬ್ಯಾಟರಿಗೆ ಕೊಟ್ಟರೆ ಸೆಟ್ಟು ಎಂದಿಗೂ ಪೂರ್ತಿ ನಿದ್ರಿಸುವುದಿಲ್ಲ. ನಮ್ಮ ಹುಡುಗ ಮಾಡಿದ್ದು ಅದನ್ನೇ. ಕೀಲಿಯ ತಂತಿ ಯಾವುದೆಂದು ಹುಡುಕುವ ತಾಳ್ಮೆ ಅವನಿಗಿರಲಿಲ್ಲ. ಲೆಕ್ಕ ನೋಡಿ: ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್-ಗಂಟೆಯದು. ನಿದ್ರಿಸದ ಸೆಟ್ಟು ಅರ್ಧ ಆಂಪಿಯರ್ ಎಳೆಯುತ್ತಿದ್ದರೆ 70 ಗಂಟೆಯಲ್ಲಿ ಬ್ಯಾಟರಿ ಬರಿದು. ಎಂಜಿನ್ನು ತಿರುಗಿಸುವ ಶಕ್ತಿ ಅದಕ್ಕಿಂತ ಬಹಳ ಮೊದಲೇ ಹೋಗಿರುತ್ತದೆ. ಸರಿಯಾಗಿ ನಿದ್ರಿಸುವ ಸೆಟ್ಟು ಎಳೆಯುವುದು ಆಂಪಿಯರಿನ ಸಾವಿರದ ಕೆಲವು ಭಾಗ ಮಾತ್ರ.

ಆದರೆ ಒಂದು ಎಚ್ಚರಿಕೆ. ನಾನು ಹೇಳಿದ ಬಣ್ಣಗಳು ಸೆಟ್ಟಿನ ಕಡೆಯ ತಂತಿಗಳದು. ಕಾರಿನ ಕಡೆಯ ಬಣ್ಣಗಳನ್ನು ಒಬ್ಬೊಬ್ಬ ತಯಾರಕ ಒಂದೊಂದು ರೀತಿಯಲ್ಲಿ ಹಾಕಿರುತ್ತಾನೆ. ಆದುದರಿಂದ ಬಣ್ಣ ನೋಡಿ ಜೋಡಿಸದೆ, ಮೀಟರು ಹಿಡಿದು, ಕೀಲಿ ಹಾಕಿ ಒಮ್ಮೆ, ತೆಗೆದು ಒಮ್ಮೆ ಅಳೆದು ನೋಡಬೇಕು. ಮತ್ತೂ ಒಂದು: ಗಾಳಿಚೀಲವಿರುವ ಕಾರುಗಳಲ್ಲಿ, ಅಂದರೆ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ, ಅದರ ಕಪ್ಲರುಗಳು ಸಾಮಾನ್ಯವಾಗಿ ಹಳದಿ. ಡ್ಯಾಷ್‌ಬೋರ್ಡಿನ ಹಿಂದೆ ಹಳದಿ ಕಪ್ಲರು ಕಂಡರೆ ಬ್ಯಾಟರಿಯ ತಂತಿಯೆಂದು ಚುಚ್ಚಿ ನೋಡಬೇಡಿ.

ನಮ್ಮ ಹಿರಿಯರು ಹೊಸ ಕಪ್ಲರು ತರಿಸಿ, ಕತ್ತರಿಸಿದ ತುದಿಗಳಿಗೆ ಒಂದೊಂದಾಗಿ ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಕೊಳವೆಯನ್ನು ಮೇಲೆ ಕೂರಿಸಿದರು. ಹಳದಿ ತಂತಿಯಲ್ಲಿ ಹುಡುಗ ಕಿತ್ತುಹಾಕಿದ್ದ 10 ಆಂಪಿಯರ್ ಫ್ಯೂಸನ್ನು ಮತ್ತೆ ಸೇರಿಸಿದರು. ಫ್ಯೂಸು ರಕ್ಷಿಸುವುದು ಸೆಟ್ಟನ್ನು ಎಂದು ನಾನು ತಿಳಿದಿದ್ದೆ. ಅಲ್ಲವಂತೆ, ಅದು ರಕ್ಷಿಸುವುದು ತಂತಿಯನ್ನು, ತಂತಿಯ ಮೂಲಕ ಕಾರನ್ನು. ಟೇಪು ಬಿಚ್ಚಿದ ಹಳದಿ ತಂತಿ ಎಲ್ಲಾದರೂ ತಗಡಿಗೆ ತಾಗಿದರೆ ಬ್ಯಾಟರಿಯ ಶಕ್ತಿಯೆಲ್ಲ ಅದರಲ್ಲಿ ಹರಿದು ಕೆಂಪಗೆ ಕಾಯುತ್ತದೆ. ರಸ್ತೆಯಲ್ಲಿ ಹೊಗೆಯಾಡುವ ಕಾರುಗಳ ಕಥೆಯಲ್ಲಿ ಇಂಥ ತಂತಿಯ ಪಾತ್ರ ಸಣ್ಣದಲ್ಲ.

ಆ ಫ್ಯೂಸನ್ನು ಕೈಯಲ್ಲಿ ಹಿಡಿದು ಅವರು ನಗುತ್ತ ಮತ್ತೊಂದು ಲೆಕ್ಕ ಹೇಳಿಕೊಟ್ಟರು. ಪೆಟ್ಟಿಗೆಯ ಮೇಲೆ ‘50 ಗುಣಿಲೆ 4’, ಅಂದರೆ 200 ವಾಟ್ ಎಂದಿತ್ತಷ್ಟೆ. ಕಾರಿನ ವಿದ್ಯುತ್ತು ಎಂಜಿನ್ನು ಓಡುವಾಗ ಸುಮಾರು 14 ವೋಲ್ಟ್. ಫ್ಯೂಸು ಬಿಡುವುದು 10 ಆಂಪಿಯರ್. ಹದಿನಾಲ್ಕು ಹತ್ತಲಿ 140. ಒಳಗೆ ಹೋಗುವುದೇ 140 ವಾಟ್ ಆದರೆ ಹೊರಗೆ 200 ಬರುವುದು ಹೇಗೆ? ಆ ಅಂಕಿ ಕ್ಷಣಮಾತ್ರದ ಉಬ್ಬರದ್ದು. ನಿರಂತರವಾಗಿ ದೊರೆಯುವುದು ಒಂದೊಂದು ಸ್ಪೀಕರಿಗೆ 20 ವಾಟಿನ ಆಸುಪಾಸು. ಒಂದು ಸಣ್ಣ ಕಾರಿನೊಳಗೆ ಅದು ಧಾರಾಳವಾಗಿ ಸಾಕು. ಹೆಚ್ಚು ಬೇಕೆನ್ನುವವರು ನೆರೆಯವರ ಶಾಪಕ್ಕೂ ಸಿದ್ಧರಾಗಬೇಕು.

ಸ್ಪೀಕರಿನ ತಂತಿಗಳ ವಿಷಯದಲ್ಲಿ ಹಳಬರು ಮಾಡುವ ತಪ್ಪೊಂದಿದೆ. ಹಳೆಯ ಕಾರುಗಳಲ್ಲಿ ಸ್ಪೀಕರಿಗೆ ಒಂದು ತಂತಿಯನ್ನು ಎಳೆದು, ಇನ್ನೊಂದು ತುದಿಯನ್ನು ಕಾರಿನ ಮೈಗೇ ಸೇರಿಸುವ ವಾಡಿಕೆಯಿತ್ತು. ಇಂದಿನ ಸೆಟ್ಟುಗಳು ಸ್ಪೀಕರಿನ ಎರಡು ತಂತಿಗಳನ್ನೂ ನಡೆಸುತ್ತವೆ. ಯಾವುದೊಂದನ್ನು ಮೈಗೆ ಸೇರಿಸಿದರೂ ಒಳಗಿನ ಆಂಪ್ಲಿಫೈಯರ್ ಸುಟ್ಟುಹೋಗಬಹುದು. ಬಿಳಿ ಮುಂದಿನ ಎಡಕ್ಕೆ, ಬೂದು ಮುಂದಿನ ಬಲಕ್ಕೆ, ಹಸಿರು ಹಿಂದಿನ ಎಡಕ್ಕೆ, ನೇರಳೆ ಹಿಂದಿನ ಬಲಕ್ಕೆ. ಕಪ್ಪು ಗೆರೆಯಿರುವುದು ಆಯಾ ಜೋಡಿಯ ನೆಗೆಟಿವ್. ಒಂದು ಸ್ಪೀಕರಿನಲ್ಲಿ ಮಾತ್ರ ಈ ಜೋಡಿಯನ್ನು ತಿರುಗುಮುರುಗು ಮಾಡಿದರೆ ಸೆಟ್ಟೇನೂ ಕೆಡುವುದಿಲ್ಲ. ಆದರೆ ಒಂದು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆದು ಮೃದಂಗದ ಎಡಗಡೆ ಮಾಯವಾಗುತ್ತದೆ.

ಇಲ್ಲಿ ಕೊಂಚ ಹಿಂದಿನ ಮಾತು ಹೇಳಿದರೆ ತಪ್ಪಾಗದು. ಕಾರಿನಲ್ಲಿ ರೇಡಿಯೋ ಕೇಳಬಹುದೆಂಬುದನ್ನು ವ್ಯಾಪಾರವಾಗಿ ಮಾಡಿದವರಲ್ಲಿ ಅಮೆರಿಕದ ಪಾಲ್ ಗ್ಯಾಲ್ವಿನ್ ಮೊದಲಿಗರು. 1930ರಲ್ಲಿ ಅವರು ಹೊರತಂದ ಸೆಟ್ಟಿನ ಹೆಸರು ಮೋಟರೋಲಾ. ಆ ಹೆಸರೇ ಮುಂದೆ ಕಂಪೆನಿಗೂ ಬಂತು. ಜರ್ಮನಿಯ ಬ್ಲೌಪುಂಕ್ಟ್ 1932ರಲ್ಲಿ ಯೂರೋಪಿಗೆ ಕಾರು ರೇಡಿಯೋ ತಂದಿತು. ಅವೆಲ್ಲ ಕವಾಟಗಳ, ಅಂದರೆ ವಾಲ್ವುಗಳ ಸೆಟ್ಟು. ಬ್ಯಾಟರಿಯ ಆರು ವೋಲ್ಟನ್ನು ವಾಲ್ವುಗಳಿಗೆ ಬೇಕಾದ ಹೆಚ್ಚು ವೋಲ್ಟಿಗೆ ಏರಿಸಲು ಸದಾ ಗುಂಯ್‌ಗುಡುವ ವೈಬ್ರೇಟರ್ ಎಂಬ ಉಪಕರಣ ಬಳಕೆಗೆ ಬಂತು. ಸ್ಪಾರ್ಕ್ ಪ್ಲಗ್ಗಿನ ಕಿಡಿಗಳ ಚಟಪಟವನ್ನು ಅಡಗಿಸುವುದೇ ಒಂದು ದೊಡ್ಡ ಸಾಹಸ. ಸೆಟ್ಟನ್ನು ಕೂರಿಸುವುದು ಅರ್ಧ ಗಂಟೆಯ ಕೆಲಸವಲ್ಲ, ಹಲವು ದಿನಗಳ ಕೆಲಸ. ನಮ್ಮ ದೇಶದಲ್ಲಿ ರೇಡಿಯೋಗೆ ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಲೈಸೆನ್ಸು ಹಣ ಕಟ್ಟಬೇಕಾಗಿದ್ದ ಕಾಲವನ್ನು ವಯಸ್ಸಾದವರು ಮರೆತಿರಲಾರರು. 1980ರ ದಶಕದಲ್ಲಿ ಅದು ರದ್ದಾಯಿತು. 1983ರ ಕೊನೆಯಲ್ಲಿ ಮಾರುತಿ 800 ಬಂದ ಮೇಲೆ ಮಧ್ಯಮ ವರ್ಗದವರ ಮನೆಗೆ ಕಾರು ಬಂತು. ಅದರ ಹಿಂದೆಯೇ ಡ್ಯಾಷ್‌ಬೋರ್ಡಿನ ಖಾಲಿ ತೂತನ್ನು ತುಂಬುವ ಕಸುಬೂ ಬೆಳೆಯಿತು.

ನಮ್ಮ ಕಾರಿಗೆ ಹಿಂತಿರುಗೋಣ. ತಂತಿ ಸರಿಯಾಯಿತು, ಬ್ಯಾಟರಿ ನಿಂತಿತು. ಆಗ ನಾನು 612ರ ಸಂಗತಿ ಹೇಳಿದೆ. ಹಿರಿಯರು ಕಾಗದ ತರಿಸಿ, 612ನ್ನು ಒಂಬತ್ತರಿಂದ ಭಾಗಿಸಿ ಎಂದರು. 68 ಬಂತು, ಶೇಷವಿಲ್ಲ. “ನೋಡಿ, ನಿಮ್ಮ ಹುಡುಗ ತಂದದ್ದು ಅಮೆರಿಕದ ಸೆಟ್ಟು” ಎಂದರು.

ವಿಷಯ ಹೀಗೆ. ಮೀಡಿಯಂ ವೇವಿನಲ್ಲಿ ಒಂದು ನಿಲಯಕ್ಕೂ ಇನ್ನೊಂದಕ್ಕೂ ಎಷ್ಟು ಅಂತರವಿರಬೇಕೆಂದು ರಾಷ್ಟ್ರಗಳು ಸೇರಿ ಗೊತ್ತುಮಾಡಿಕೊಂಡಿವೆ. ಏಷ್ಯಾ, ಯೂರೋಪು, ಆಫ್ರಿಕಗಳಲ್ಲಿ 1978ರ ನವೆಂಬರಿನಿಂದ ಆ ಅಂತರ 9 ಕಿಲೋಹರ್ಟ್ಸ್. ಅಮೆರಿಕದಲ್ಲಿ 10. ಹಳೆಯ ಸೆಟ್ಟುಗಳಲ್ಲಿ ಮುಳ್ಳನ್ನು ಕೈಯಿಂದ ತಿರುಗಿಸುತ್ತಿದ್ದುದರಿಂದ ಅದು ಎಲ್ಲಿ ಬೇಕಾದರೂ ನಿಲ್ಲುತ್ತಿತ್ತು. ಅಂಕಿಯ ಸೆಟ್ಟು ಮೆಟ್ಟಿಲಿನ ಮೇಲೆ ಮಾತ್ರ ನಿಲ್ಲುತ್ತದೆ. ಹತ್ತರ ಮೆಟ್ಟಿಲು ಹತ್ತುವವನಿಗೆ 612 ಕೈಗೆಟುಕುವುದಿಲ್ಲ. ಎಫ್.ಎಂ.ನಲ್ಲಿಯೂ ಅಮೆರಿಕದ ಸೆಟ್ಟು ಬೆಸ ದಶಾಂಶಗಳ ಮೇಲೆ ಮಾತ್ರ ನಿಲ್ಲುತ್ತದೆ, ಆದರೆ 101.3, 102.9, 91.1 ಎಲ್ಲವೂ ಬೆಸವಾದುದರಿಂದ ನಮಗೆ ಕೊರತೆ ಕಾಣಲಿಲ್ಲ. ಜಪಾನಿನ ಒಳಪೇಟೆಗೆಂದು ಮಾಡಿದ ಸೆಟ್ಟಿನ ಕಷ್ಟ ಬೇರೆ. ಅಲ್ಲಿನ ಎಫ್.ಎಂ. 76ರಿಂದ ಆರಂಭವಾಗಿ ಬಹುಕಾಲ 90ಕ್ಕೇ ಮುಗಿಯುತ್ತಿತ್ತು. ಅಗ್ಗವೆಂದು ಗುಜರಿಯಲ್ಲಿ ಅಂಥದನ್ನು ಕೊಂಡವರಿಗೆ ನಮ್ಮ ನಿಲಯಗಳೊಂದೂ ಬರುವುದಿಲ್ಲ.

ಅಮೆರಿಕದ ಸೆಟ್ಟುಗಳಿಗೆ ಬಹುಮಟ್ಟಿಗೆ ಮದ್ದುಂಟು. ಸೆಟ್ಟನ್ನು ಆರಿಸಿ, ಒಂದು ಗುಂಡಿಯನ್ನು ಒತ್ತಿ ಹಿಡಿದರೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ 10ನ್ನು 9 ಮಾಡಬೇಕು. ಕೆಲವದರಲ್ಲಿ ‘ಪ್ರದೇಶ’ವೆಂದು ಇರುತ್ತದೆ. ಕೆಲವದರಲ್ಲಿ ಪೆಟ್ಟಿಗೆಯ ತಳದಲ್ಲಿ ಸಣ್ಣದೊಂದು ಸ್ವಿಚ್ಚಿರುತ್ತದೆ. ಕೂರಿಸಿದ ಮೇಲೆ ಅದು ಕೈಗೆ ಸಿಕ್ಕುವುದಿಲ್ಲವಾದ್ದರಿಂದ ಮೊದಲೇ ನೋಡಿಕೊಳ್ಳಿ. ದೊಡ್ಡ ಪರದೆಯ ಸೆಟ್ಟುಗಳಲ್ಲಿ ಕೆಲವಕ್ಕೆ ಮೀಡಿಯಂ ವೇವೇ ಇರುವುದಿಲ್ಲ. ಮನೆಯಲ್ಲಿ ಅದನ್ನು ಕೇಳುವವರಿದ್ದರೆ ಕೊಳ್ಳುವ ಮುಂಚೆ ವಿಚಾರಿಸುವುದು ಒಳ್ಳೆಯದು.

ಒಂಬತ್ತು ಮಾಡಿದ್ದಾಯಿತು. 612 ಎಂಬ ಅಂಕಿ ಮೂಡಿತು. ಮಾತು ಸ್ಪಷ್ಟವಾಗಿ ಬಂತು. ಜೊತೆಗೆ ಎಂಜಿನ್ನು ಕೂಗಿದಂತೆಲ್ಲ ಏರುವ ಒಂದು ಗುಂಯ್‌ಕಾರವೂ ಬಂತು. ಕಪ್ಪು ತಂತಿಯನ್ನು ಬಣ್ಣ ಬಳಿದ ತಗಡಿಗೆ ಸಿಕ್ಕಿಸಿದ್ದೇ ಅದಕ್ಕೆ ಕಾರಣ. ಬಣ್ಣವನ್ನು ಕೆರೆದು, ಹೊಳೆಯುವ ಲೋಹಕ್ಕೆ ಬೋಲ್ಟಿನಿಂದ ಬಿಗಿದ ಮೇಲೆ ಅರ್ಧಕ್ಕರ್ಧ ಅಡಗಿತು. ಉಳಿದರ್ಧ ನಾನು ಸಿಗರೇಟು ಲೈಟರಿನ ತೂತಿಗೆ ಸಿಕ್ಕಿಸಿದ್ದ ಅಗ್ಗದ ಮೊಬೈಲು ಚಾರ್ಜರಿನದು. ಅದನ್ನು ಕಿತ್ತೊಡನೆ ಮೀಡಿಯಂ ವೇವ್ ನಿರ್ಮಲವಾಯಿತು. ಮಾಡಿನ ಮೇಲೆ ಗಿಡ್ಡ ಆಂಟೆನಾ ಇರುವ ಕಾರುಗಳವರಿಗೆ ಇನ್ನೊಂದು ಮಾತು: ಆ ಗಿಡ್ಡ ಕಡ್ಡಿಯ ಬುಡದಲ್ಲಿ ಬಹಳ ಸಲ ಒಂದು ಬೂಸ್ಟರು ಇರುತ್ತದೆ. ಸೆಟ್ಟಿನ ನೀಲಿ ತಂತಿಯಿಂದ ಅದಕ್ಕೆ ವಿದ್ಯುತ್ತು ಕೊಡದಿದ್ದರೆ ಹೊಸ ಸೆಟ್ಟು ಹಳೆಯದಕ್ಕಿಂತ ಕಿವುಡಾಗಿರುತ್ತದೆ.

ಕೊನೆಯದಾಗಿ ಅವರು ಸೆಟ್ಟಿನ ಬೆನ್ನಿಗೆ ತೂತುಗಳುಳ್ಳ ತಗಡಿನ ಪಟ್ಟಿಯೊಂದನ್ನು ಬಿಗಿದು, ಅದರ ಇನ್ನೊಂದು ತುದಿಯನ್ನು ಡ್ಯಾಷ್‌ಬೋರ್ಡಿನ ಒಳಗಿನ ಕಬ್ಬಿಣಕ್ಕೆ ಸೇರಿಸಿದರು. ಮುಖದಿಂದ ಮಾತ್ರ ತೂಗುಬಿದ್ದ ಸೆಟ್ಟು ನಮ್ಮ ರಾಮಮೂರ್ತಿ ನಗರದ ಹಂಪುಗಳಿಗೆ ಎಷ್ಟು ದಿನ ತಾಳೀತು?

ಇಂದಿನ ಕಾರುಗಳಲ್ಲಿ ಈ ತೂತು ಇಮ್ಮಡಿ ಎತ್ತರದ್ದು. ‘ಡಬಲ್ ಡಿನ್’ ಎನ್ನುತ್ತಾರೆ. ಟೊಯೋಟಾದ ಹಲವು ಕಾರುಗಳಲ್ಲಿ ಅಗಲ 180ರ ಬದಲು 200 ಮಿಲಿಮೀಟರು, ಪಕ್ಕದ ಸಂದಿಗೆ ಪಟ್ಟಿ ಬೇಕು. ಮತ್ತೆ ಕೆಲವದರಲ್ಲಿ ತೂತೇ ಇಲ್ಲ. ಪರದೆ, ಹಿಂದಿನ ಕ್ಯಾಮೆರಾ, ಸ್ಟೀರಿಂಗಿನ ಗುಂಡಿಗಳು ಎಲ್ಲವೂ ಒಂದೇ ತಂತುಜಾಲದಲ್ಲಿ ಮಾತಾಡಿಕೊಳ್ಳುತ್ತವೆ. ಅಲ್ಲಿ ಕತ್ತರಿ ಹಾಕುವವರ ಕೈಯಿಂದ ಕಾರನ್ನು ದೂರವಿಡುವುದೇ ಕ್ಷೇಮ. ಪರದೆಯ ಸೆಟ್ಟಿನಲ್ಲಿ ತಿಳಿಹಸಿರು ತಂತಿಯೊಂದಿದ್ದರೆ ಅದು ಹ್ಯಾಂಡ್‌ಬ್ರೇಕಿನದು. ಬ್ರೇಕು ಹಾಕಿ ನಿಂತಾಗ ಮಾತ್ರ ಚಿತ್ರ ಕಾಣಲೆಂದು ಇಟ್ಟಿರುವುದು. ಅಂಗಡಿಯವರು ಉಪಕಾರವೆಂಬಂತೆ ಅದನ್ನು ಅರ್ತಿಗೆ ಸೇರಿಸಿಬಿಡುತ್ತಾರೆ. ಬೇಡವೆನ್ನಿ. ಹಳೇ ಮದರಾಸು ರಸ್ತೆಯಲ್ಲಿ ಸಿನಿಮಾ ನೋಡುತ್ತ ಓಡಿಸುವ ಚಾಲಕರಿಗೆ ಬರವಿಲ್ಲ.

ಮಾರನೆಯ ಸೋಮವಾರ ಆರಕ್ಕೆ ಕೀಲಿ ತಿರುಗಿಸಿದೆ. ಎಂಜಿನ್ನು ಒಂದೇ ಏಟಿಗೆ ಹತ್ತಿತು. ನಾನು ಏನೂ ವರ್ಣಿಸಲಿಲ್ಲ. ಟಿನ್ ಫ್ಯಾಕ್ಟರಿ ದಾಟುವ ಹೊತ್ತಿಗೆ ಮಾವನವರು ಕಣ್ಣು ಮುಚ್ಚಿದ್ದರು. ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಿಸಿದಾಗ ಯಾರೋ ರೈತರಿಗೆ ರಾಗಿಯ ಬೀಜೋಪಚಾರ ವಿವರಿಸುತ್ತಿದ್ದರು. ನಮ್ಮ ಮನೆಯಲ್ಲಿ ಒಂದಂಗುಲ ಹೊಲವಿಲ್ಲ. ಇಳಿಯಲು ಕೈ ಕೊಟ್ಟೆ. “ಒಂದು ನಿಮಿಷ, ಅವರು ಮುಗಿಸಲಿ” ಎಂದರು. ಎಂಜಿನ್ನನ್ನು ಆರಿಸಿ, ಕೀಲಿಯನ್ನು ಒಂದು ಹೆಜ್ಜೆಯಲ್ಲಿ ನಿಲ್ಲಿಸಿದೆ. ಕೆಂಪು ತಂತಿ ತನ್ನ ಕೆಲಸ ಮಾಡುತ್ತಿತ್ತು; ರೇಡಿಯೋ ಮಾತಾಡುತ್ತಲೇ ಇತ್ತು.